ಸೊರೊರಿಟಿ ರಶ್‌ಗೆ ಸಿದ್ಧತೆ: ಅಮೆರಿಕದ ದಕ್ಷಿಣ ರಾಜ್ಯಗಳಿಗೆ ಓದಲು ಹೊರಟ ಹೆಣ್ಣುಮಕ್ಕಳೂ ಅವರ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಅಟ್ಲಾಂಟಾ, ಹ್ಯೂಸ್ಟನ್, ಡಲ್ಲಾಸ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಈಗ ಜಾರ್ಜಿಯಾ, ಅಲಬಾಮಾ, ಆಬರ್ನ್, ಟೆಕ್ಸಸ್‌ನಂಥ ದೊಡ್ಡ ಯೂನಿವರ್ಸಿಟಿಗಳಿಗೆ ಹೋಗುತ್ತಿದ್ದಾರೆ. ಹೈಸ್ಕೂಲಿನ ಕೊನೆಯ ವರ್ಷ ಮಗಳು "ನಾನು ರಶ್ ಮಾಡ್ತೀನಿ" ಎಂದಾಗ, ಮೈಸೂರಿನಲ್ಲೋ ದಾವಣಗೆರೆಯಲ್ಲೋ ಓದಿ ಬಂದ ಅಪ್ಪ-ಅಮ್ಮನಿಗೆ ಅದರ ತಲೆಬುಡ ತಿಳಿಯುವುದಿಲ್ಲ. ಈ ಪುಟ ಅವರಿಗಾಗಿ, ಅದಕ್ಕಿಂತ ಹೆಚ್ಚಾಗಿ ಆ ಹುಡುಗಿಗಾಗಿ. ನಿಯಮಗಳು ಕ್ಯಾಂಪಸ್‌ನಿಂದ ಕ್ಯಾಂಪಸ್‌ಗೆ ಬದಲಾಗುತ್ತವೆ. ಹಾಗಾಗಿ ನಿಮ್ಮ ಯೂನಿವರ್ಸಿಟಿಯ ಪ್ಯಾನ್‌ಹೆಲೆನಿಕ್ ಕೌನ್ಸಿಲ್ (ಅಲ್ಲಿನ ಸೊರೊರಿಟಿಗಳ ಒಕ್ಕೂಟ) ಆ ವರ್ಷ ಪ್ರಕಟಿಸುವ ಸೂಚನೆಗಳೇ ಅಂತಿಮ.

ಸೊರೊರಿಟಿ ಎಂದರೇನು? ರಶ್ ಎಂದರೇನು?

ಸೊರೊರಿಟಿ ಎಂದರೆ ಕಾಲೇಜು ಹೆಣ್ಣುಮಕ್ಕಳ ಸದಸ್ಯತ್ವದ ಸಂಘ. ಗ್ರೀಕ್ ಅಕ್ಷರಗಳ ಹೆಸರು, ತನ್ನದೇ ವಿಧಿಗಳು, ಬಹಳ ಕಡೆ ತನ್ನದೇ ದೊಡ್ಡ ಮನೆ, ಜೀವನಪರ್ಯಂತದ ಸದಸ್ಯತ್ವ. ಒಂದು ಕ್ಯಾಂಪಸ್‌ನಲ್ಲಿರುವ ಶಾಖೆಯನ್ನು ಚಾಪ್ಟರ್ ಎನ್ನುತ್ತಾರೆ; ಮಾತಿನಲ್ಲಿ ಅದನ್ನೇ 'ಮನೆ' ಎಂದೂ ಕರೆಯುತ್ತಾರೆ. ಹೊಸಬರನ್ನು ಆರಿಸಿಕೊಳ್ಳುವ ಒಂದು ವಾರದ ಪ್ರಕ್ರಿಯೆಯೇ ರಶ್. ಕಾಗದಪತ್ರಗಳಲ್ಲಿ ಅದನ್ನು ರಿಕ್ರೂಟ್‌ಮೆಂಟ್ ಎಂದು ಬರೆಯುತ್ತಾರೆ. ಈ ಪುಟದಲ್ಲಿ ಹೆಚ್ಚಾಗಿ ಮಾತಾಡುವುದು 1902ರಲ್ಲಿ ಶುರುವಾದ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಅಡಿಯ ಸೊರೊರಿಟಿಗಳ ಬಗ್ಗೆ.

ದಕ್ಷಿಣದಲ್ಲೇ ಯಾಕೆ ಇಷ್ಟು ಪೈಪೋಟಿ?

ಬೇರು ಅಲ್ಲೇ ಇದೆ. ಜಾರ್ಜಿಯಾದ ಮೇಕನ್ ಊರಿನ ವೆಸ್ಲಿಯನ್ ಕಾಲೇಜಿನಲ್ಲಿ 1851 ಮತ್ತು 1852ರಲ್ಲಿ ಹುಟ್ಟಿದ ಎರಡು ಹೆಣ್ಣುಮಕ್ಕಳ ಸಂಘಗಳೇ ಇಂದಿನ ಆಲ್ಫಾ ಡೆಲ್ಟಾ ಪೈ ಮತ್ತು ಫೈ ಮ್ಯೂ. ಡೆಲ್ಟಾ ಗಾಮಾ 1873ರಲ್ಲಿ ಮಿಸಿಸಿಪಿಯ ಆಕ್ಸ್‌ಫರ್ಡ್‌ನಲ್ಲಿ, ಕೈ ಒಮೇಗಾ 1895ರಲ್ಲಿ ಆರ್ಕನ್ಸಾ ಯೂನಿವರ್ಸಿಟಿಯಲ್ಲಿ ಶುರುವಾದವು. ಅಜ್ಜಿ, ಅಮ್ಮ, ಚಿಕ್ಕಮ್ಮ ಎಲ್ಲರೂ ಒಂದೇ ಸೊರೊರಿಟಿಯವರಾಗಿರುವ ಮನೆಗಳು ಅಲ್ಲಿ ಸಾಮಾನ್ಯ. ಊರಿನ ಮದುವೆ, ಚರ್ಚ್, ವ್ಯಾಪಾರ, ರಾಜಕೀಯದ ನಂಟುಗಳೂ ಅದೇ ದಾರಿಯಲ್ಲಿ ಹರಿಯುತ್ತವೆ.

ಅದರ ಮೇಲೆ 2021ರ ಆಗಸ್ಟ್‌ನಲ್ಲಿ ಅಲಬಾಮಾ ಹುಡುಗಿಯರು ಟಿಕ್‌ಟಾಕ್‌ನಲ್ಲಿ ತಮ್ಮ ದಿನದಿನದ ಉಡುಪು ತೋರಿಸಿದ ವಿಡಿಯೋಗಳು ದೇಶವಿಡೀ ಹಬ್ಬಿದವು. ಈಗ ಟಸ್ಕಲೂಸಾದ ಅಲಬಾಮಾ ಯೂನಿವರ್ಸಿಟಿಯಲ್ಲಿ ಒಂದು ವರ್ಷಕ್ಕೆ 2,500ಕ್ಕೂ ಹೆಚ್ಚು ಹುಡುಗಿಯರು ರಶ್‌ಗೆ ಹೆಸರು ಕೊಡುತ್ತಾರೆ. ಅಲ್ಲಿನ ಒಂದೊಂದು ಚಾಪ್ಟರ್‌ನಲ್ಲಿ ನಾನೂರು ದಾಟಿದ ಸದಸ್ಯೆಯರಿರುವುದೂ ಉಂಟು.

ಆ ವಾರ ಏನೇನು ನಡೆಯುತ್ತದೆ?

ಬಹುತೇಕ ಕಡೆ ಆಗಸ್ಟ್‌ನಲ್ಲಿ, ತರಗತಿ ಶುರುವಾಗುವ ಮೊದಲು. ಮೊದಲ ಸುತ್ತು ಓಪನ್ ಹೌಸ್: ಎಲ್ಲ ಚಾಪ್ಟರ್‌ಗಳ ಪರಿಚಯ. 2020ರ ನಂತರ ಹಲವು ಕಡೆ ಈ ಹಂತದಲ್ಲಿ ನೀವೇ ಒಂದು ಚಿಕ್ಕ ವಿಡಿಯೋ ಮಾಡಿ ಕಳಿಸಬೇಕಾಗುತ್ತದೆ. ಎರಡನೆಯದು ಫಿಲಾಂತ್ರಪಿ ಸುತ್ತು, ಪ್ರತಿ ಸೊರೊರಿಟಿ ತಾನು ಯಾವ ಸೇವೆಗೆ ಹಣ ಕೂಡಿಸುತ್ತದೆ ಎಂದು ಹೇಳುತ್ತದೆ. ಟ್ರೈ ಡೆಲ್ಟಾದವರಿಗೆ ಮೆಂಫಿಸ್‌ನ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆ, ಜೀಟಾ ಟಾವ್ ಆಲ್ಫಾದವರಿಗೆ ಸ್ತನ ಕ್ಯಾನ್ಸರ್ ಜಾಗೃತಿ, ಡೆಲ್ಟಾ ಗಾಮಾದವರಿಗೆ ದೃಷ್ಟಿದೋಷವುಳ್ಳವರ ಸೇವೆ, ಹೀಗೆ. ಮೂರನೆಯದು ಸಿಸ್ಟರ್‌ಹುಡ್ ಸುತ್ತು. ಕೊನೆಯದು ಪ್ರಿಫರೆನ್ಸ್: ಒಂದೆರಡೇ ಮನೆಗಳು ಉಳಿದಿರುತ್ತವೆ, ಮಾತು ದೀರ್ಘ, ವಾತಾವರಣ ಗಂಭೀರ, ಅಳುವವರೂ ಇರುತ್ತಾರೆ. ಮರುದಿನ ಬಿಡ್ ಡೇ. ಬಿಡ್ ಎಂದರೆ ಸದಸ್ಯೆಯಾಗಲು ಒಂದು ಚಾಪ್ಟರ್ ಕೊಡುವ ಆಹ್ವಾನ. ಅಲಬಾಮಾದಲ್ಲಿ ಹುಡುಗಿಯರು ಬ್ರಯಂಟ್-ಡೆನ್ನಿ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಕೂತು ಒಟ್ಟಿಗೆ ಲಕೋಟೆ ಒಡೆದು ತಮ್ಮ ಮನೆಯ ಕಡೆ ಓಡುತ್ತಾರೆ. ಆಬರ್ನ್‌ನಲ್ಲಿ ಪ್ರತ್ಯೇಕ ಸೊರೊರಿಟಿ ಮನೆಗಳಿಲ್ಲ. ಚಾಪ್ಟರ್‌ಗಳು ವಿಲೇಜ್ ಎಂಬ ವಿದ್ಯಾರ್ಥಿನಿಲಯಗಳ ಸಮುಚ್ಚಯದಲ್ಲಿವೆ.

ಪ್ರತಿ ಸುತ್ತಿನ ಕೊನೆಯಲ್ಲಿ ನೀವು ಮನೆಗಳನ್ನು ಇಷ್ಟದ ಕ್ರಮದಲ್ಲಿ ಬರೆಯುತ್ತೀರಿ, ಅವರು ನಿಮ್ಮನ್ನು ಬರೆಯುತ್ತಾರೆ. ಎರಡೂ ಪಟ್ಟಿಗಳನ್ನು ಕಂಪ್ಯೂಟರ್ ಹೊಂದಿಸಿ ಮರುದಿನದ ವೇಳಾಪಟ್ಟಿ ಕೊಡುತ್ತದೆ. ನಮ್ಮ ಸಿಇಟಿ ಆಪ್ಷನ್ ಎಂಟ್ರಿ ಮಾಡಿದವರಿಗೆ ಇದರ ಅರ್ಧ ಪರಿಚಿತ. ಉಳಿದರ್ಧ ಏನೆಂದರೆ, ಇಲ್ಲಿ ಕಾಲೇಜಿನ ಜಾಗದಲ್ಲಿರುವ ಮನೆಯೂ ಕೂತು ನಿಮಗೆ ರ್‍ಯಾಂಕ್ ಕೊಡುತ್ತದೆ, ಆ ರ್‍ಯಾಂಕ್ ಮನೆಯಿಂದ ಮನೆಗೆ ಬೇರೆ.

ಒಳ್ಳೆಯ ಅಂಕ, ಒಳ್ಳೆಯ ನಡವಳಿಕೆ ಎಲ್ಲ ಇದ್ದೂ ನನ್ನ ಮಗಳನ್ನು ಮೊದಲ ಸುತ್ತಿನಲ್ಲೇ ಅರ್ಧ ಮನೆಗಳು ಬಿಟ್ಟುಬಿಟ್ಟವು. ಏನು ತಪ್ಪಾಯಿತು?

ಬಹುಶಃ ಏನೂ ತಪ್ಪಾಗಿಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನೇ ಓದಿ.

2000ದ ದಶಕದ ಆರಂಭದಿಂದ ಈ ಆಯ್ಕೆಯ ಹಿಂದೆ ರಿಲೀಸ್ ಫಿಗರ್ ಮೆಥಡಾಲಜಿ ಎಂಬ ಲೆಕ್ಕ ಕೆಲಸ ಮಾಡುತ್ತಿದೆ. ಪ್ರತಿ ಚಾಪ್ಟರ್ ಕರೆದ ಹುಡುಗಿಯರಲ್ಲಿ ಎಷ್ಟು ಮಂದಿ ಹಿಂದಿನ ವರ್ಷಗಳಲ್ಲಿ ವಾಪಸ್ ಬಂದರು ಎಂಬ ದಾಖಲೆ ನೋಡಿ, ಈ ಸಲ ಅದು ಎಷ್ಟು ಮಂದಿಯನ್ನು ಮುಂದಿನ ಸುತ್ತಿಗೆ ಕರೆಯಬಹುದು ಎಂದು ನಿಗದಿಪಡಿಸುತ್ತಾರೆ. ಕೊನೆಗೆ ಎಲ್ಲ ಚಾಪ್ಟರ್‌ಗಳೂ ಕೋಟಾ ಎಂಬ ಸರಿಸುಮಾರು ಒಂದೇ ಸಂಖ್ಯೆಯನ್ನು ತುಂಬಿಕೊಳ್ಳಬೇಕು.

ಲೆಕ್ಕಕ್ಕೆಂದು ಒಂದು ಊಹೆ ಮಾಡೋಣ. ಕೋಟಾ 130, ಮೊದಲ ಸುತ್ತಿನಲ್ಲಿ ಬಂದವರು 2,500. ಎಲ್ಲರೂ ಬಯಸುವ ಮನೆಯೊಂದು ಯಾರನ್ನು ಕರೆದರೂ ಅವರು ಬಂದೇ ಬರುತ್ತಾರೆ. ಆದ್ದರಿಂದ ಅದಕ್ಕೆ ಎರಡನೇ ಸುತ್ತಿಗೆ 1,000 ಮಂದಿಯನ್ನು ಮಾತ್ರ ಕರೆಯಲು ಅನುಮತಿ ಸಿಗಬಹುದು. ಕಡಿಮೆ ಬೇಡಿಕೆಯ ಮನೆಗೆ 2,000 ಮಂದಿಯನ್ನು ಕರೆಯುವ ಅವಕಾಶ. ಅಂದರೆ ಬಯಕೆಯ ಮನೆ ಒಂದೇ ರಾತ್ರಿ 1,500 ಹುಡುಗಿಯರನ್ನು ಬಿಡಲೇಬೇಕು. ಅವರಲ್ಲಿ ಶಾಲೆಗೇ ಮೊದಲು ಬಂದವರು, ನೃತ್ಯ ಕಲಿತವರು, ಸದಸ್ಯೆಯರಿಗೆ ನಿಜಕ್ಕೂ ಇಷ್ಟವಾದವರು ಎಲ್ಲ ಇರುತ್ತಾರೆ. ಸೇರುವ ಸಾಧ್ಯತೆ ಇಲ್ಲದ ಕಡೆ ಕೊನೆಯ ದಿನದವರೆಗೆ ಆಸೆ ಹುಟ್ಟಿಸಿ ಕೈಬಿಡದಿರಲಿ, ಉಳಿದ ಮನೆಗಳನ್ನು ಅವಳು ಸರಿಯಾಗಿ ನೋಡಲಿ ಎಂಬುದೇ ಈ ಪದ್ಧತಿಯ ಉದ್ದೇಶ. ಅದು ಸರಿಯಾದ ಉದ್ದೇಶವೇ. ಆದರೆ ಹದಿನೆಂಟರ ಹುಡುಗಿಯ ಫೋನಿನಲ್ಲಿ ಬೆಳಿಗ್ಗೆ ಕಾಣುವುದು ಲೆಕ್ಕವಲ್ಲ, ಖಾಲಿಯಾದ ಪಟ್ಟಿ. ರಶ್‌ಗೆ ಹೋಗುವ ಮುಂಚೆಯೇ ಕೂತು ಈ ಲೆಕ್ಕವನ್ನು ಅವಳಿಗೆ ವಿವರಿಸಿ. ಬೇರೆ ಯಾವ ಸಿದ್ಧತೆಯೂ ಇಷ್ಟು ಉಪಯೋಗಕ್ಕೆ ಬರುವುದಿಲ್ಲ.

ಪ್ರಿಫರೆನ್ಸ್ ರಾತ್ರಿ ಸಹಿ ಹಾಕುವ ಕಾಗದ ಯಾವುದು? ಒಂದೇ ಮನೆಯ ಹೆಸರು ಬರೆದರೆ ಆಗುತ್ತದೆಯೇ?

ಅದೊಂದು ಬದ್ಧತೆಯ ಒಪ್ಪಂದ. ನೀವು ಬರೆದ ಯಾವುದೇ ಮನೆ ಬಿಡ್ ಕೊಟ್ಟು, ನೀವು ಬೇಡವೆಂದರೆ, ಆ ಕ್ಯಾಂಪಸ್‌ನಲ್ಲಿ ಮುಂದಿನ ವರ್ಷದ ಮುಖ್ಯ ರಶ್ ತನಕ ಈ ಕಾನ್ಫರೆನ್ಸ್‌ನ ಬೇರೆ ಸೊರೊರಿಟಿ ಸೇರುವಂತಿಲ್ಲ. ಹಾಗಾಗಿ ಸೇರಲು ನಿಜಕ್ಕೂ ಮನಸ್ಸಿಲ್ಲದ ಮನೆಯ ಹೆಸರು ಬರೆಯಬಾರದು.

ಇನ್ನು ಒಂದೇ ಹೆಸರು ಬರೆಯುವುದು. ಅನುಮತಿ ಇದೆ, ಆದರೆ ಅಪಾಯ ದೊಡ್ಡದು. ಕೊನೆಯವರೆಗೆ ಬಂದ ಆಹ್ವಾನಗಳನ್ನೆಲ್ಲ ಒಪ್ಪಿ, ಹೋದ ಮನೆಗಳನ್ನೆಲ್ಲ ಬರೆದವಳಿಗೆ ಹೊಂದಾಣಿಕೆ ಆಗದಿದ್ದರೆ, ಕೋಟಾದ ಮೇಲೆ ಹೆಚ್ಚುವರಿಯಾಗಿ ಸೇರಿಸಿಕೊಳ್ಳುವ ದಾರಿ ಇದೆ. ಒಂದೇ ಹೆಸರು ಬರೆದವಳಿಗೆ ಆ ರಕ್ಷಣೆ ಇಲ್ಲ. ಅರ್ಥಶಾಸ್ತ್ರಜ್ಞರಾದ ಸೂಸನ್ ಮೊಂಜೆಲ್ ಮತ್ತು ಆಲ್ವಿನ್ ರಾತ್ 1991ರಲ್ಲಿ ಸೊರೊರಿಟಿ ಹೊಂದಾಣಿಕೆಯ ಅಂದಿನ ಪದ್ಧತಿಯನ್ನೇ ಅಧ್ಯಯನ ಮಾಡಿದ್ದರು. ಬಹಳ ಹುಡುಗಿಯರು ಒಂದೇ ಹೆಸರು ಬರೆಯುವುದನ್ನು ಅವರು ಗಮನಿಸಿದ್ದರು. ಹೊಂದಾಣಿಕೆಯ ಸಿದ್ಧಾಂತಕ್ಕೆ ರಾತ್ ಅವರಿಗೆ 2012ರಲ್ಲಿ ನೊಬೆಲ್ ಬಂತು. ಇಂದಿನ ನಿಯಮಗಳಲ್ಲಿ ನನ್ನ ಸಲಹೆ ಸ್ಪಷ್ಟ: ಎರಡು ಮನೆ ಉಳಿದಿದ್ದರೆ ಎರಡನ್ನೂ ಬರೆಯಿರಿ.

ಸಿದ್ಧತೆ ಯಾವಾಗ ಶುರು ಮಾಡಬೇಕು?

ಹೈಸ್ಕೂಲಿನ ಅಂಕಗಳಿಂದ. ಪ್ರತಿ ಚಾಪ್ಟರ್‌ಗೂ ಜಿಪಿಎ ಮಿತಿ ಇರುತ್ತದೆ. ಅದಕ್ಕಿಂತ ಕೆಳಗಿದ್ದರೆ ಎಷ್ಟು ಚೆನ್ನಾಗಿ ಮಾತಾಡಿದರೂ ಮೊದಲ ಸುತ್ತಿನಲ್ಲೇ ಹೆಸರು ಬಿದ್ದುಹೋಗುತ್ತದೆ. ನಮ್ಮ ಮಕ್ಕಳಿಗೆ ಇದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಉಳಿದದ್ದು ಕೊನೆಯ ವರ್ಷದ ವಸಂತದಲ್ಲಿ: ನೋಂದಣಿ, ಚಟುವಟಿಕೆಗಳ ಒಂದು ಪುಟದ ಪಟ್ಟಿ, ಒಳ್ಳೆಯ ಒಂದು ಫೋಟೋ. ಆ ಪಟ್ಟಿಯಲ್ಲಿ ಅಟ್ಲಾಂಟಾದ ನೃಪತುಂಗ ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಚಿಕ್ಕಮಕ್ಕಳಿಗೆ ನಾಟಕ ಕಲಿಸಿದ್ದು, ದೇವಸ್ಥಾನದ ಅಡುಗೆಮನೆಯಲ್ಲಿ ಸೇವೆ ಮಾಡಿದ್ದು, ಭರತನಾಟ್ಯದ ರಂಗಪ್ರವೇಶ ಎಲ್ಲವೂ ಇರಲಿ. ಅಮೆರಿಕನ್ನರಿಗೆ ಅರ್ಥವಾಗದು ಎಂದು ಅವನ್ನು ಬಿಡುವ ಹುಡುಗಿಯರಿದ್ದಾರೆ. ಬಿಡಬೇಡಿ. ನೂರಾರು ಚಿಯರ್‌ಲೀಡರ್‌ಗಳ ಪಟ್ಟಿಯ ನಡುವೆ ನೆನಪಿನಲ್ಲಿ ಉಳಿಯುವುದು ಅವೇ.

ನಮ್ಮ ಮನೆಯಲ್ಲಿ ಯಾರೂ ಸೊರೊರಿಟಿಯಲ್ಲಿ ಇರಲಿಲ್ಲ. ಶಿಫಾರಸು ಪತ್ರ ಎಲ್ಲಿಂದ ತರುವುದು?

ಹಿಂದೆ ಹಳೆಯ ಸದಸ್ಯೆಯರ ಪತ್ರಗಳಿಲ್ಲದೆ ದಕ್ಷಿಣದಲ್ಲಿ ಹೆಜ್ಜೆ ಇಡುವುದೇ ಕಷ್ಟವಿತ್ತು. 2020ರಿಂದೀಚೆಗೆ ಬಹಳ ಸಂಘಟನೆಗಳು ಪತ್ರವನ್ನು ಕಡ್ಡಾಯದಿಂದ ಕೈಬಿಟ್ಟಿವೆ. ಅಮ್ಮ-ಅಕ್ಕ ಸದಸ್ಯೆಯರಾಗಿದ್ದರೆ ಸಿಗುತ್ತಿದ್ದ ಆದ್ಯತೆಯನ್ನೂ ಹಲವು ತೆಗೆದುಹಾಕಿವೆ. ಶಾಲೆಯ ಟೀಚರೋ ನೆರೆಯವರೋ ಸದಸ್ಯೆಯಾಗಿದ್ದರೆ ಸಂಕೋಚ ಬಿಟ್ಟು ಕೇಳಿ, ಅವರು ಸಾಮಾನ್ಯವಾಗಿ ಸಂತೋಷದಿಂದ ಬರೆಯುತ್ತಾರೆ. ಯಾರೂ ಸಿಗದಿದ್ದರೆ ನಿದ್ದೆಗೆಡಬೇಡಿ.

ಏನು ಮಾತಾಡಬೇಕು? ಏನು ಮಾತಾಡಬಾರದು?

ರಶ್‌ನ ನಿಜವಾದ ಪರೀಕ್ಷೆ ಇಲ್ಲಿದೆ. ಬಾಗಿಲು ತೆರೆದೊಡನೆ ಹತ್ತಾರು ಹುಡುಗಿಯರು ಒಟ್ಟಿಗೆ ಹಾಡಿ ಚಪ್ಪಾಳೆ ತಟ್ಟುತ್ತಾರೆ, ಕಿವಿ ಗುಂಯ್ ಎನ್ನುತ್ತದೆ. ಒಬ್ಬಳು ಕೈಹಿಡಿದು ಒಳಗೆ ಕರೆದೊಯ್ದು ಕೂರಿಸುತ್ತಾಳೆ. ಕೆಲವು ನಿಮಿಷಕ್ಕೆ ಇನ್ನೊಬ್ಬಳು ಬಂದು ಮೊದಲನೆಯವಳ ಜಾಗ ಹಿಡಿಯುತ್ತಾಳೆ, ಆಮೇಲೆ ಮತ್ತೊಬ್ಬಳು. ಇದು ಅವರು ವಾರಗಟ್ಟಲೆ ಅಭ್ಯಾಸ ಮಾಡಿದ ಕ್ರಮ. ನಿಮ್ಮ ಮಾತು ಬೇಸರವಾಗಿ ಎದ್ದು ಹೋದಳೆಂದು ತಿಳಿಯಬೇಡಿ. ನೀವು ಹೊರಗೆ ಹೋದ ಮೇಲೆ ಮಾತಾಡಿದ ಪ್ರತಿಯೊಬ್ಬಳೂ ನಿಮಗೆ ಅಂಕ ಕೊಡುತ್ತಾಳೆ.

ದಕ್ಷಿಣದಲ್ಲಿ ಐದು ವಿಷಯಗಳನ್ನು ಬಿಡಿ ಎಂದು ಹೇಳಿಕೊಡುತ್ತಾರೆ: ಹುಡುಗರು, ಕುಡಿತ, ಚುನಾವಣೆ, ಧರ್ಮ, ದುಡ್ಡು. ನಿಯಮ ಒಳ್ಳೆಯದೇ, ಆದರೆ ಧರ್ಮದ ವಿಚಾರದಲ್ಲಿ ನಮ್ಮ ಹುಡುಗಿಯರು ಅತಿ ಹೆದರುತ್ತಾರೆ. ದೀಪಾವಳಿಗೆ ಮನೆ ತುಂಬ ಜನ ಸೇರಿದ್ದನ್ನು ಹೇಳುವುದು ಧರ್ಮದ ಚರ್ಚೆಯಲ್ಲ, ಮನೆಯ ಕಥೆ. ಹೇಳಿ.

"ನೀನು ಎಲ್ಲಿಯವಳು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಟ್ಲಾಂಟಾ ಪಕ್ಕದ ಅಲ್ಫಾರೆಟ್ಟಾದಲ್ಲಿ ಬೆಳೆದವಳಾದರೆ ಅಲ್ಫಾರೆಟ್ಟಾ ಎನ್ನಿ. "ಅಪ್ಪ-ಅಮ್ಮ ಬೆಂಗಳೂರಿನವರು, ಬೇಸಿಗೆಗೆ ಹಾಸನದ ಅಜ್ಜಿಮನೆಗೆ ಹೋಗ್ತೀನಿ" ಎಂದು ಸೇರಿಸಿದರೆ ಮುಂದಿನ ಐದು ನಿಮಿಷಕ್ಕೆ ಮಾತು ಸಿಕ್ಕಿತು. ಹೆಸರು ಉದ್ದವಿದ್ದರೆ ಮೊದಲೇ ನಿಧಾನವಾಗಿ ಒಮ್ಮೆ ಹೇಳಿಕೊಡಿ, ಅವರಿಗೆ ಅನುಕೂಲವಾಗಲೆಂದು ಹೊಸ ಹೆಸರು ಕಟ್ಟಿಕೊಳ್ಳಬೇಡಿ. ನಾಲ್ಕು ವರ್ಷ ಜೊತೆಗಿರುವವರು ನಾಲ್ಕು ಅಕ್ಷರ ಕಲಿಯಬಲ್ಲರು.

ನೀವೂ ಕೇಳಿ. "ತರಗತಿ ಇಲ್ಲದ ಮಂಗಳವಾರ ಸಂಜೆ ಇಲ್ಲಿ ಏನು ಮಾಡ್ತೀರಿ?" "ಮೊದಲ ಸೆಮಿಸ್ಟರ್‌ನಲ್ಲಿ ನಿನಗೆ ಕಷ್ಟವಾದಾಗ ಯಾರು ಬಂದರು?" ಇಂಥ ಪ್ರಶ್ನೆಗೆ ಕಂಠಪಾಠದ ಉತ್ತರ ಸಿಗುವುದಿಲ್ಲ. ತಡವರಿಸಿ ನಿಜ ಹೇಳಿದ ಹುಡುಗಿಯ ಮನೆಯನ್ನು ಪಟ್ಟಿಯಲ್ಲಿ ಮೇಲಕ್ಕೆ ತನ್ನಿ. ಪ್ರತಿ ಮನೆಯಿಂದ ಹೊರಬಂದ ಕೂಡಲೇ ಯಾರ ಜೊತೆ ಏನು ಮಾತಾಯಿತೆಂದು ಎರಡು ಸಾಲು ಬರೆದುಕೊಳ್ಳಿ, ಸಂಜೆಯ ಹೊತ್ತಿಗೆ ಎಲ್ಲ ಮುಖಗಳೂ ಒಂದೇ ಆಗಿಬಿಡುತ್ತವೆ.

ಉಡುಪು?

ಮೊದಲ ಸುತ್ತುಗಳಲ್ಲಿ ಎಷ್ಟೋ ಕಡೆ ಕೌನ್ಸಿಲ್ ಕೊಟ್ಟ ಟೀ-ಶರ್ಟ್ ಹಾಕಬೇಕು. ಆಮೇಲೆ ಬೇಸಿಗೆಯ ಫ್ರಾಕು, ಪ್ರಿಫರೆನ್ಸ್‌ಗೆ ಸ್ವಲ್ಪ ಔಪಚಾರಿಕ ಡ್ರೆಸ್. ಲಿಲಿ ಪುಲಿಟ್ಜರ್, ಕೆಂಡ್ರಾ ಸ್ಕಾಟ್‌ನಂಥ ಬ್ರ್ಯಾಂಡ್ ಹೆಸರುಗಳು ವಿಡಿಯೋಗಳಲ್ಲಿ ಕೇಳಿಬರುತ್ತವೆ. ಕೊಳ್ಳಲೇಬೇಕೆಂದೇನಿಲ್ಲ. ಅಜ್ಜಿ ಕೊಟ್ಟ ಜುಮುಕಿ ಹಾಕಿಕೊಂಡರೆ ಅದರ ಬಗ್ಗೆಯೇ ಮಾತು ಶುರುವಾಗುತ್ತದೆ. ಆಗಸ್ಟ್‌ನ ಅಲಬಾಮಾ ಬೇಯುವ ಬಿಸಿಲಿನ ಜಾಗ: ನಡೆದು ಅಭ್ಯಾಸವಾದ ಚಪ್ಪಲಿ, ಚಿಕ್ಕ ಫ್ಯಾನ್, ನೀರು, ಬ್ಯಾಂಡೇಜ್, ಕೊಡೆ ಚೀಲದಲ್ಲಿರಲಿ.

ಸಾಮಾಜಿಕ ಜಾಲತಾಣ?

ಅವರು ನೋಡುತ್ತಾರೆ, ಆಗಸ್ಟ್‌ಗೂ ಮೊದಲೇ. ಕುಡಿತದ ಫೋಟೋ, ಕೆಟ್ಟ ಮಾತು, ಗೆಳತಿಯರನ್ನು ಹೀಯಾಳಿಸಿದ ಪೋಸ್ಟ್ ಇದ್ದರೆ ತೆಗೆಯಿರಿ. ರಶ್ ನಡೆಯುತ್ತಿರುವಾಗ ಯಾವ ಮನೆ ಹೇಗಿದೆಯೆಂದು ವಿಡಿಯೋ ಹಾಕಬೇಡಿ. "ಮೇಲಿನ ಮನೆ, ಕೆಳಗಿನ ಮನೆ" ಎಂದು ಅನಾಮಧೇಯರು ಬರೆಯುವ ಶ್ರೇಣಿಪಟ್ಟಿಗಳನ್ನು ಓದದಿರುವುದು ಇನ್ನೂ ಒಳ್ಳೆಯದು. ಒಳ್ಳೆಯ ಮನೆಯನ್ನು ಹುಡುಗಿ ಆ ಪಟ್ಟಿಯ ಕಾರಣಕ್ಕೇ ಕೈಬಿಟ್ಟು ಬರಿಗೈಲಿ ನಿಲ್ಲುವುದು ಪ್ರತಿ ವರ್ಷದ ಕಥೆ.

ಖರ್ಚು ಎಷ್ಟು?

ಹೆಚ್ಚು. ನೋಂದಣಿಗೇ ನೂರಾರು ಡಾಲರ್. ಅಲಬಾಮಾದಂಥ ಕಡೆ ಮನೆಯಲ್ಲಿ ವಾಸಿಸದ ಸದಸ್ಯೆಗೂ ಸೆಮಿಸ್ಟರ್‌ಗೆ ಸುಮಾರು 4,000 ಡಾಲರ್ ಅಥವಾ ಅದಕ್ಕೂ ಮೇಲೆ ಆಗಬಹುದು. ಊಟದ ವೆಚ್ಚ ಅದರಲ್ಲಿ ದೊಡ್ಡ ಪಾಲು. ಮನೆಯಲ್ಲೇ ವಾಸವಿದ್ದರೆ ಇನ್ನೂ ಬಹಳ ಹೆಚ್ಚು. ಟೀ-ಶರ್ಟ್, ಫೋಟೋ, ಉಡುಗೊರೆ, ದಂಡ ಬೇರೆ. ಚಾಪ್ಟರ್‌ವಾರು ಅಂಕಿಗಳನ್ನು ಕೌನ್ಸಿಲ್‌ಗಳು ಪ್ರಕಟಿಸುತ್ತವೆ. ನಾಲ್ಕು ವರ್ಷದ ಮೊತ್ತ ಕೂಡಿ, ಆಗುವುದಿಲ್ಲವೆಂದಾದರೆ ಮಗಳಿಗೆ ಈಗಲೇ ನೇರವಾಗಿ ಹೇಳಿ. ಬಿಡ್ ಬಂದ ಮೇಲೆ ಹೇಳುವುದು ಕ್ರೂರ.

ರಶ್ ಕೋಚ್ ಬೇಕೆ?

ಬೇಡ. ರಶ್‌ಗೆ ತರಬೇತಿ ಕೊಡಲು ಸಾವಿರಾರು ಡಾಲರ್ ಪಡೆಯುವವರಿದ್ದಾರೆ, ಆದರೆ ಮೇಲಿನ ಲೆಕ್ಕವನ್ನು ಯಾವ ಕೋಚ್ ಕೂಡ ಬದಲಿಸಲಾರರು. ರಶ್‌ಗೆ ಬಂದ ಹುಡುಗಿಯರ ಪ್ರತಿ ಗುಂಪಿಗೂ ರೋ ಗಾಮಾ, ಪೈ ಕೈ ಮುಂತಾದ ಹೆಸರಿನ ಹಿರಿಯ ವಿದ್ಯಾರ್ಥಿನಿ ಮಾರ್ಗದರ್ಶಕಿ ಇರುತ್ತಾಳೆ. ಆ ವಾರ ಅವಳು ತನ್ನ ಸೊರೊರಿಟಿಯ ಗುರುತನ್ನು ಬದಿಗಿಟ್ಟು ಬಂದಿರುತ್ತಾಳೆ. ಅವಳನ್ನು ನಂಬಿ.

ಕಂದುಬಣ್ಣದ ಹುಡುಗಿಗೆ ಅಲ್ಲಿ ನಿಜವಾಗಿ ಜಾಗವಿದೆಯೇ?

ಇದನ್ನು ಪಿಸುಮಾತಿನಲ್ಲಿ ಕೇಳುತ್ತಾರೆ. ಗಟ್ಟಿಯಾಗಿ ಕೇಳಬೇಕಾದ ಪ್ರಶ್ನೆ ಇದು.

1963ರ ಜೂನ್‌ನಲ್ಲಿ ಗವರ್ನರ್ ಜಾರ್ಜ್ ವಾಲೇಸ್ ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ಬಾಗಿಲಲ್ಲಿ ನಿಂತದ್ದು ಇದೇ ಅಲಬಾಮಾ ಯೂನಿವರ್ಸಿಟಿಯಲ್ಲಿ. ಐವತ್ತು ವರ್ಷಗಳ ನಂತರ, 2013ರ ಸೆಪ್ಟೆಂಬರ್‌ನಲ್ಲಿ, ಅಲ್ಲಿನ ವಿದ್ಯಾರ್ಥಿ ಪತ್ರಿಕೆ ಕ್ರಿಮ್ಸನ್ ವೈಟ್ ಒಂದು ವರದಿ ಪ್ರಕಟಿಸಿತು: ಎಲ್ಲ ಅರ್ಹತೆಯಿದ್ದ ಕಪ್ಪು ಹುಡುಗಿಯೊಬ್ಬಳನ್ನು ಸೊರೊರಿಟಿಗಳು ಕೈಬಿಟ್ಟಿದ್ದವು, ಹಳೆಯ ಸದಸ್ಯೆಯರು ಅಡ್ಡ ಬಂದರೆಂದು ಸದಸ್ಯೆಯರೇ ಮಾತಾಡಿದ್ದರು. ವಿದ್ಯಾರ್ಥಿಗಳೂ ಅಧ್ಯಾಪಕರೂ ಮೆರವಣಿಗೆ ನಡೆಸಿದರು. ಯೂನಿವರ್ಸಿಟಿಯ ಅಂದಿನ ಅಧ್ಯಕ್ಷೆ ಜೂಡಿ ಬಾನರ್ ಸೇರ್ಪಡೆಯನ್ನು ಮತ್ತೆ ತೆರೆಯುವಂತೆ ಮಾಡಿದರು, ಹಲವು ಕಪ್ಪು ಹುಡುಗಿಯರಿಗೆ ಬಿಡ್ ಬಂತು. ಆ ವರದಿಗಾಗಿ ಮಾತಾಡಿದ ಹುಡುಗಿಯರ ಧೈರ್ಯವನ್ನು ನಾನು ತುಂಬ ಗೌರವಿಸುತ್ತೇನೆ.

ಈಗ ಭಾರತೀಯ ಮೂಲದ ಹುಡುಗಿಯರು ಈ ಮನೆಗಳಲ್ಲಿದ್ದಾರೆ, ಪದಾಧಿಕಾರಿಗಳೂ ಆಗುತ್ತಾರೆ. ಆದರೂ ಬಹುಪಾಲು ಚಾಪ್ಟರ್‌ಗಳು ಇಂದಿಗೂ ಬಹುತೇಕ ಬಿಳಿಯರವೇ. ಹೋಗುವ ಮನೆಯಲ್ಲಿ ನಿಮ್ಮಂಥವರು ಎಷ್ಟಿದ್ದಾರೆ ನೋಡಿ, ಸಾಧ್ಯವಾದರೆ ಅವರಲ್ಲೊಬ್ಬರ ಜೊತೆ ಮಾತಾಡಿ.

ಬೇರೆ ದಾರಿಗಳಿವೆಯೇ?

ಇವೆ, ಮತ್ತು ಅವು ಎರಡನೇ ದರ್ಜೆಯವಲ್ಲ. 1998ರಲ್ಲಿ ಒಂದೇ ವರ್ಷದಲ್ಲಿ ದಕ್ಷಿಣ ಏಷ್ಯಾದ ಹುಡುಗಿಯರು ಮೂರು ಸೊರೊರಿಟಿ ಕಟ್ಟಿದರು: ಹ್ಯೂಸ್ಟನ್ ಯೂನಿವರ್ಸಿಟಿಯಲ್ಲಿ ಡೆಲ್ಟಾ ಫೈ ಒಮೇಗಾ, ಆಸ್ಟಿನ್‌ನ ಟೆಕ್ಸಸ್ ಯೂನಿವರ್ಸಿಟಿಯಲ್ಲಿ ಕಾಪಾ ಫೈ ಗಾಮಾ, ನ್ಯೂಯಾರ್ಕ್‌ನ ಸೇಂಟ್ ಜಾನ್ಸ್‌ನಲ್ಲಿ ಸಿಗ್ಮಾ ಸಿಗ್ಮಾ ರೋ. ಮೂರರಲ್ಲಿ ಎರಡು ಟೆಕ್ಸಸ್‌ನವು. ಗುಂಪು ಚಿಕ್ಕದು, ಖರ್ಚು ಸಾಮಾನ್ಯವಾಗಿ ಕಡಿಮೆ, ಸೇರುವ ಕ್ರಮ ಪೂರ್ತಿ ಬೇರೆ. ಕಪ್ಪು ಮಹಿಳೆಯರು ಕಟ್ಟಿದ ಆಲ್ಫಾ ಕಾಪಾ ಆಲ್ಫಾ 1908ರದು. ಚೆನ್ನೈ ಮೂಲದ ತಾಯಿಯ ಮಗಳು ಕಮಲಾ ಹ್ಯಾರಿಸ್ ಹೊವರ್ಡ್ ಯೂನಿವರ್ಸಿಟಿಯಲ್ಲಿ ಸೇರಿದ್ದು ಅದಕ್ಕೆ. ಆಗಸ್ಟ್‌ನ ಗದ್ದಲ ಮುಗಿದ ಮೇಲೆ ಇವುಗಳ ಪರಿಚಯ ಕಾರ್ಯಕ್ರಮಗಳಿಗೂ ಹೋಗಿ ನೋಡಿ.

ಪ್ರಾರ್ಥನೆ, ವಿಧಿ ಎಲ್ಲ ಕ್ರೈಸ್ತರದೇ? ಸಸ್ಯಾಹಾರ ಸಿಗುತ್ತದೆಯೇ?

ಹಳೆಯ ಸಂಘಟನೆಗಳು 19ನೇ ಶತಮಾನದ ಕ್ರೈಸ್ತ ಪರಿಸರದಲ್ಲಿ ಹುಟ್ಟಿದವು, ಹಲವು ವಿಧಿಗಳಲ್ಲಿ ಅದರ ಛಾಯೆ ಇದೆ. ವಿಧಿಯ ವಿವರ ಗುಟ್ಟು, ಆದರೆ "ಪ್ರಮಾಣದಲ್ಲಿ ನನ್ನ ನಂಬಿಕೆಗೆ ವಿರುದ್ಧವಾದದ್ದು ಇದೆಯೇ" ಎಂದು ಮುಂಚೆಯೇ ಕೇಳುವ ಹಕ್ಕು ನಿಮಗಿದೆ. ಯಹೂದಿ ಹೆಣ್ಣುಮಕ್ಕಳು ಕಟ್ಟಿದ ಆಲ್ಫಾ ಎಪ್ಸಿಲಾನ್ ಫೈ, ಸಿಗ್ಮಾ ಡೆಲ್ಟಾ ಟಾವ್ ಕೂಡ ಇದೇ ಕಾನ್ಫರೆನ್ಸ್‌ನಲ್ಲಿವೆ. ಊಟಕ್ಕೆ ತೊಂದರೆಯಿಲ್ಲ, ಅಡುಗೆಯವರಿಗೆ ಮೊದಲೇ ಹೇಳಬೇಕು.

ಹಿಂಸೆ, ಕುಡಿತದ ಭಯ?

ಹೊಸಬರನ್ನು ಪೀಡಿಸುವುದು (ಹೇಜಿಂಗ್) ಎಲ್ಲ ಸೊರೊರಿಟಿಗಳ ನಿಯಮದಲ್ಲೂ ನಿಷಿದ್ಧ. 2024ರ ಡಿಸೆಂಬರ್‌ನಲ್ಲಿ ಸಹಿಯಾದ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆ್ಯಕ್ಟ್ ಪ್ರಕಾರ ಕಾಲೇಜುಗಳು ಇಂಥ ಪ್ರಕರಣಗಳನ್ನು ಬಹಿರಂಗಪಡಿಸಬೇಕು. ಆ ವರದಿಯನ್ನು ತೆರೆದು ನೀವು ಯೋಚಿಸುತ್ತಿರುವ ಚಾಪ್ಟರ್‌ನ ಹೆಸರು ಹುಡುಕಿ. ಅಪಾಯ ಹೆಚ್ಚಿರುವುದು ಸೊರೊರಿಟಿ ಮನೆಗಿಂತ ಫ್ರೆಟರ್ನಿಟಿ (ಹುಡುಗರ ಇಂಥದೇ ಸಂಘ) ಪಾರ್ಟಿಗಳಲ್ಲಿ. ಜೊತೆಗೆ ಹೋದವರು ಜೊತೆಗೇ ವಾಪಸ್ ಬರಬೇಕೆಂಬ ಮಾತನ್ನು ಮನೆಯಲ್ಲೇ ಆಡಿ ಕಳಿಸಿ.

ಆ ವಾರ ಅಪ್ಪ-ಅಮ್ಮ ಏನು ಮಾಡಬೇಕು?

ಫೋನ್ ಹತ್ತಿರ ಇಟ್ಟುಕೊಂಡಿರಿ, ನೀವಾಗಿ ಪದೇ ಪದೇ ಮಾಡಬೇಡಿ. ಅವಳು ಅತ್ತರೆ "ನಾವು ಮೊದಲೇ ಹೇಳಿದ್ದೆವು" ಎನ್ನಬೇಡಿ. ಯಾವ ಮನೆ ಬಿಟ್ಟಿತು ಎಂದು ಕೂಟದ ವಾಟ್ಸಾಪ್ ಗುಂಪಿನಲ್ಲಿ ಚರ್ಚಿಸಬೇಡಿ, ಅದು ಅವಳ ವಿಷಯ. ಊಟ ಮಾಡಿದೆಯಾ, ನಿದ್ದೆ ಬಂತಾ ಎಂದು ಕೇಳಿ. ಬಿಟ್ಟುಬಿಡುತ್ತೇನೆ ಎಂದರೆ ಒಂದು ರಾತ್ರಿ ಕಾಯಲು ಹೇಳಿ, ಬೆಳಿಗ್ಗೆಯೂ ಅದೇ ಮನಸ್ಸಿದ್ದರೆ ಒಪ್ಪಿಕೊಳ್ಳಿ.

ಬಿಡ್ ಬರಲಿಲ್ಲ. ಮುಂದೇನು?

ಮುಖ್ಯ ರಶ್ ಮುಗಿದ ಮೇಲೆ ಜಾಗ ಉಳಿದಿರುವ ಚಾಪ್ಟರ್‌ಗಳು ಕಂಟಿನ್ಯೂಯಸ್ ಓಪನ್ ಬಿಡ್ಡಿಂಗ್ ಮೂಲಕ ನೇರವಾಗಿ ಸೇರಿಸಿಕೊಳ್ಳುತ್ತವೆ. ಅಲ್ಲಿ ಸುತ್ತುಗಳಿಲ್ಲ, ಕಾಫಿಗೋ ಊಟಕ್ಕೋ ಕರೆದು ಮಾತಾಡುತ್ತಾರೆ. ಪ್ಯಾನ್‌ಹೆಲೆನಿಕ್ ಕಚೇರಿಗೆ ಇಮೇಲ್ ಬರೆದು ನಿಮ್ಮ ಹೆಸರನ್ನು ಆ ಪಟ್ಟಿಗೆ ಸೇರಿಸಲು ಕೇಳಿ, ಸೆಮಿಸ್ಟರ್ ಶುರುವಾದ ಮೊದಲ ವಾರಗಳಲ್ಲೇ ಕೇಳಿದರೆ ಒಳ್ಳೆಯದು. ಎರಡನೇ ವರ್ಷ ಮತ್ತೆ ರಶ್ ಮಾಡಬಹುದು, ಆದರೆ ದಕ್ಷಿಣದ ದೊಡ್ಡ ಕ್ಯಾಂಪಸ್‌ಗಳಲ್ಲಿ ಹೆಚ್ಚಿನ ಜಾಗ ಮೊದಲ ವರ್ಷದವರಿಗೇ ಹೋಗುತ್ತದೆ. ಹಾಗೆ ಯೋಚಿಸುವುದಾದರೆ ಮೊದಲ ವರ್ಷದ ಕಾಲೇಜು ಜಿಪಿಎ ಕಾಪಾಡಿಕೊಳ್ಳಿ. ಎರಡನೇ ಸಲ ಅವರು ನೋಡುವುದು ಹೈಸ್ಕೂಲಿನದ್ದಲ್ಲ, ಅದನ್ನು.